ಬೆಳಗಾವಿಯ ಹಳೆಯ ಫರ್ನಿಚರ್ ಕಾರ್ಖಾನೆ: ಕೆಡವುವ ಮುನ್ನ ಒಂದು ಚರ್ಚೆ

ಶಹಾಪುರ ನಿವಾಸಿ

ಎಲ್ಲರಿಗೂ ನಮಸ್ಕಾರ.

ನಮ್ಮ ಹಿತ್ತಲಿಗೆ ಹೊಂದಿಕೊಂಡು ಒಂದು ಹಳೆಯ ಫರ್ನಿಚರ್ ಕಾರ್ಖಾನೆಯ ಕಟ್ಟಡವಿದೆ. ಮಾಲೀಕರ ಮನೆಯವರ ಕೋರಿಕೆಯಂತೆ ಅದರ ಹೆಸರನ್ನಾಗಲಿ ಓಣಿಯನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ನಾನು ಚಿಕ್ಕವನಿದ್ದಾಗ ಅಲ್ಲಿಯ ಮರ ಕೊಯ್ಯುವ ಆರಾ ಯಂತ್ರ ಶುರುವಾಯಿತೆಂದರೆ ಶಾಲೆಗೆ ಹೊರಡುವ ಹೊತ್ತಾಯಿತೆಂದು ತಿಳಿಯುತ್ತಿದ್ದೆವು. ಸಂಜೆಯಾದರೆ ಅರಗಿನ ಪಾಲಿಶಿನ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಕೆಲಸ ನಿಂತು ಎರಡು ದಶಕಗಳ ಮೇಲಾಯಿತು. ಕಳೆದ ಮಳೆಗಾಲದಲ್ಲಿ ಹಿಂಬದಿಯ ಚಾವಣಿಯ ಒಂದು ಮೂಲೆ ಕುಸಿದ ನಂತರ, ಕೆಡವಿ ಜಾಗ ಮಾರುವುದೋ, ದುರಸ್ತಿ ಮಾಡಿ ಉಳಿಸಿಕೊಳ್ಳುವುದೋ ಎಂಬ ಮಾತು ಅವರ ಮನೆಯಲ್ಲಿ ನಡೆದಿದೆ. ಅವರ ಅನುಮತಿಯಿಂದ ನಾನು ಮೂರು ರವಿವಾರ ಒಳಗೆ ಹೋಗಿ ಅಳತೆ ತೆಗೆದುಕೊಂಡು ನಕ್ಷೆ ಬರೆದಿದ್ದೇನೆ.

ತಳಪಾಯ ಕರಿಕಲ್ಲಿನದು. ಅದರ ಮೇಲೆ ಸುಮಾರು ಎರಡಡಿ ದಪ್ಪದ ಜಂಬಿಟ್ಟಿಗೆ ಕಲ್ಲಿನ ಗೋಡೆ, ಬಾಗಿಲು ಕಿಟಕಿಗಳ ಕಮಾನಿಗೆ ಮಾತ್ರ ಸುಟ್ಟ ಇಟ್ಟಿಗೆ. ಎಲ್ಲವನ್ನೂ ಹಿಡಿದಿರುವುದು ಸುಣ್ಣದ ಗಾರೆ. ಸೂರನ್ನು ಹೊರುವ ತ್ರಿಕೋನಾಕಾರದ ಸಾಗವಾನಿ ಚೌಕಟ್ಟುಗಳ, ಅಂದರೆ ಕೈಂಚಿಗಳ ಮೇಲೆ ಮಂಗಳೂರು ಹಂಚು. ಕೆಳಗಿನ ಅಂತಸ್ತಿನ ತೊಲೆಗಳಿಗೆ ಇಂದಿಗೂ ಎರಕದ ಕಬ್ಬಿಣದ ಬ್ರ್ಯಾಕೆಟ್ಟುಗಳು ನೇತಾಡುತ್ತಿವೆ. ಉದ್ದನೆಯ ಒಂದೇ ಉಕ್ಕಿನ ದಂಡ ಅವುಗಳಲ್ಲಿ ತಿರುಗುತ್ತಿತ್ತು. ಹೊರಗಿನ ಎಂಜಿನ್ ಮನೆಯಿಂದ ಬಂದ ಶಕ್ತಿಯನ್ನು ಆ ದಂಡದ ಗಾಲಿಗಳು ಚರ್ಮದ ಪಟ್ಟಾಗಳ ಮೂಲಕ ಆರಾ, ರಂದಾ, ಕೊರೆಯುವ ಯಂತ್ರ ಎಲ್ಲಕ್ಕೂ ಹಂಚುತ್ತಿದ್ದವು.

ನಕ್ಷೆ ಬರೆಯುತ್ತ ಹೋದಂತೆ ನನಗೆ ಹೊಳೆದದ್ದೇನೆಂದರೆ, ಈ ಕಟ್ಟಡದ ಒಂದೊಂದು ಬಾಗಿಲಿಗೂ ಕಾರಣವಿದೆ. ಪೂರ್ವದ ಅಗಲವಾದ ಬಾಗಿಲು ದಿಮ್ಮಿ ಹೊತ್ತ ಚಕ್ಕಡಿ ಒಳಬರಲು. ಅದರ ಬದಿಗೆ ಹಲಗೆ ಒಣಗಿಸುವ, ಎರಡು ಕಡೆ ಗೋಡೆಯಿಲ್ಲದ ಪಡಸಾಲೆ. ಅಲ್ಲಿಂದ ಕೊಯ್ಯುವ ಮನೆ, ಆಮೇಲೆ ಜೋಡಿಸುವ ಮನೆ. ಮಾಳಿಗೆಯ ಉತ್ತರಕ್ಕೆ ಸಾಲು ಕಿಟಕಿಗಳಿರುವ ಪಾಲಿಶಿನ ಕೋಣೆ. ಹೊಟ್ಟಿನ ಧೂಳು ಅಲ್ಲಿಗೆ ಏರದಂತೆ ನಡುವೆ ಒಂದು ಗೋಡೆ. ಸಿದ್ಧವಾದ ಕುರ್ಚಿ ಮೇಜುಗಳನ್ನು ಹಗ್ಗದಿಂದ ಇಳಿಸಲು ನೆಲದಲ್ಲಿ ಚೌಕನೆಯ ಕಿಂಡಿ. ಮರ ಒಂದು ಬಾಗಿಲಿನಿಂದ ಬಂದು ಫರ್ನಿಚರ್ ಆಗಿ ಇನ್ನೊಂದು ಬಾಗಿಲಿನಿಂದ ಹೋಗುವ ಆ ದಾರಿಯನ್ನು ಈಗಲೂ ಹೆಜ್ಜೆ ಹಾಕಿ ನಡೆಯಬಹುದು. ಹೊರಗೋಡೆ ಉಳಿಸಿ ಒಳಗನ್ನೆಲ್ಲ ಕಿತ್ತುಹಾಕಿದರೆ ಮುಖ ಉಳಿಯುತ್ತದೆ, ಈ ದಾರಿ ಹೋಗುತ್ತದೆ. ಉಳಿಸುವುದಾದರೆ ದಾರಿಯನ್ನೂ ಉಳಿಸಬೇಕೆಂಬುದು ನನ್ನ ಅಭಿಪ್ರಾಯ.

ಕಟ್ಟಡದ ಕಾಲವನ್ನು ಕಂಡುಹಿಡಿಯುವುದು ಹೇಗೆ? ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಇತಿಹಾಸದ ಅಧ್ಯಾಪಕ, ತಿಲಕವಾಡಿ

ಮಾನ್ಯರೆ, ನಿಮ್ಮ ವಿವರಣೆ ಓದಿ ಸಂತೋಷವಾಯಿತು. ಇಸವಿ ಕೆತ್ತಿದ ಕಲ್ಲು ಇಲ್ಲದಿದ್ದರೂ ಕಟ್ಟಡ ತನ್ನ ವಯಸ್ಸನ್ನು ಅನೇಕ ಕಡೆ ಹೇಳುತ್ತದೆ.

ಮೊದಲು ಹಂಚನ್ನು ತಿರುಗಿಸಿ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಮೊದಲನೆಯ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಹಂಚಿನ ಮೇಲೆ ಯಾವ ಮುದ್ರೆಯಿದೆ ಎಂಬುದರಿಂದ ಯುದ್ಧಕ್ಕೆ ಮುಂಚಿನದೋ ನಂತರದ್ದೋ ಎಂದು ತಿಳಿಯಬಹುದು. ಆದರೆ ಹಂಚು ಒಡೆದಂತೆಲ್ಲ ಬದಲಾಗುವ ವಸ್ತು. ಒಂದೆರಡು ಹಂಚು ನೋಡಿ ತೀರ್ಮಾನಿಸದೆ, ಮಳೆ ಗಾಳಿ ಹೆಚ್ಚು ತಾಗದ ಮೂಲೆಯಿಂದ ಹತ್ತಿಪ್ಪತ್ತು ಹಂಚು ತೆಗೆದು ನೋಡಬೇಕು.

ಎರಡನೆಯದಾಗಿ, ಉಕ್ಕಿನ ತೊಲೆಗಳೇನಾದರೂ ಇದ್ದರೆ ಅವುಗಳ ಹೊಟ್ಟೆಯ ಮೇಲಿನ ಉಬ್ಬಕ್ಷರ ಓದಿ. ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪನಿಯ ಹೆಸರು ನಮ್ಮ ಕಡೆಯ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಕಾಣುತ್ತದೆ. ಟಾಟಾ ಕಾರ್ಖಾನೆಯ ಗುರುತಿದ್ದರೆ ಆ ತೊಲೆ 1912ರ ನಂತರದ್ದು, ಏಕೆಂದರೆ ಜಮಶೇಡಪುರದಲ್ಲಿ ಉಕ್ಕು ತಯಾರಾಗತೊಡಗಿದ್ದೇ ಆ ವರ್ಷ.

ಮೂರನೆಯದು ನನಗೆ ಬಹಳ ಇಷ್ಟವಾದ ಸಾಕ್ಷಿ: ತೊಲೆಯ ಮೈಮೇಲಿನ ಗರಗಸದ ಗೆರೆ. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಕೈಯಿಂದ ಕೊಯ್ದ ಹಲಗೆಯಲ್ಲಿ ಗೆರೆಗಳು ಓರೆಯಾಗಿ, ಒಂದರಂತೆ ಒಂದಿಲ್ಲದೆ ಇರುತ್ತವೆ. ಚಕ್ರದ ಆರಾ ಯಂತ್ರ ಬಿಲ್ಲಿನಂತೆ ಬಾಗಿದ ಗೆರೆ ಬಿಡುತ್ತದೆ. ಪಟ್ಟಿಯ ಆರಾ ನೇರವಾದ, ಸಮನಾದ ಗೆರೆ ಬಿಡುತ್ತದೆ. ಕೈಂಚಿಯಲ್ಲಿ ಕೈಗೆರೆ, ಮಾಳಿಗೆಯ ಹಲಗೆಯಲ್ಲಿ ಯಂತ್ರದ ಗೆರೆ ಕಂಡರೆ, ಕಟ್ಟಡ ಎದ್ದ ಮೇಲೆ ಯಂತ್ರ ಬಂದು ತನ್ನ ಮಾಳಿಗೆಯ ನೆಲವನ್ನು ತಾನೇ ಕೊಯ್ದುಕೊಂಡಿರುವ ಸಾಧ್ಯತೆಯುಂಟು.

ಕಾಗದಪತ್ರಗಳಿಗಾಗಿ ಸಿಟಿ ಸರ್ವೆ ಕಚೇರಿಯಲ್ಲಿ ಆಸ್ತಿಯ ಸಿ.ಟಿ.ಎಸ್. ಸಂಖ್ಯೆ (ನಗರ ಸರ್ವೆ ಸಂಖ್ಯೆ) ಕೊಟ್ಟು ಹಳೆಯ ನಕ್ಷೆ ಮತ್ತು ಪ್ರಾಪರ್ಟಿ ಕಾರ್ಡ್ ಕೇಳಿ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದವರು. ಆದ್ದರಿಂದ ಮನೆತನದ ಪೆಟ್ಟಿಗೆಯಲ್ಲಿರುವ ಹಳೆಯ ಖರೀದಿಪತ್ರ ಮರಾಠಿಯಲ್ಲಿ, ಅದೂ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ ಇರಬಹುದು. ಓದಲು ಬಾರದೆಂದು ರದ್ದಿಗೆ ಹಾಕಬೇಡಿ. ಮೋಡಿ ಬಲ್ಲವರು ನಮ್ಮ ಊರಲ್ಲಿ ಇನ್ನೂ ಇದ್ದಾರೆ.

ಇಂತಹ ಕಾರ್ಖಾನೆ ಬೆಳಗಾವಿಯಲ್ಲೇ ಏಕೆ ಎದ್ದಿತೆಂಬುದನ್ನೂ ನೆನೆಯಬೇಕು. 1818ರಲ್ಲಿ ಕೋಟೆ ಇಂಗ್ಲಿಷರ ವಶವಾಗಿ, ಮುಂದೆ ದಂಡಿನ ಪ್ರದೇಶ ಬೆಳೆದಂತೆ, ಎತ್ತರದ ಮೇಜು, ಆರಾಮ ಕುರ್ಚಿ, ಅರೆಗಳಿರುವ ಕಪಾಟು ಬೇಕೆನ್ನುವ ಗಿರಾಕಿಗಳು ಊರಿಗೆ ಬಂದರು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಬಂದು ಲೋಂಡಾ ಕಡೆಯ ಕಾಡಿಗೂ ನಮ್ಮ ಪೇಟೆಗೂ ನೇರ ದಾರಿಯಾಯಿತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿ; ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ಮಾಡಿದ್ದೂ ಇಲ್ಲಿಯೇ; 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. ಯಂತ್ರ ಹಿಡಿದು ದುಡಿಯುವ ಪರಂಪರೆ ಈ ಊರಿಗಿದೆ, ಆದರೆ ಆ ಪರಂಪರೆಯ ಹಳೆಯ ಮನೆಗಳು ಎಷ್ಟು ಉಳಿದಿವೆ? 1924ರ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಒದಗಿಸಲೆಂದು ತೋಡಿದ ಬಾವಿಯನ್ನು ನಾವು ಅಭಿಮಾನದಿಂದ ಕಾಪಾಡಿಕೊಂಡಿದ್ದೇವೆ. ಜನರ ಉಪಯೋಗದ ವಸ್ತುವೂ ಸ್ಮಾರಕವಾಗಬಲ್ಲದೆಂಬುದಕ್ಕೆ ನಮಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ.

ಬಡಿಗೇರ ಮನೆಯ ಮಗಳು

ನಮ್ಮ ತಂದೆಯವರು ಇಂತಹುದೇ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಹೀಗಾಗಿ ಗೋಡೆಗಿಂತ ಮೊದಲು ಒಳಗಿನ ಸಣ್ಣ ಸಾಮಾನುಗಳ ಬಗ್ಗೆ ಹೇಳಬೇಕೆನಿಸಿತು.

ಗೋಡೆಯ ಮೊಳೆಗಳಿಗೆ ತೆಳುವಾದ ಹಲಗೆಯ ತುಂಡುಗಳು ನೇತುಬಿದ್ದಿವೆಯೇ ನೋಡಿ. ಕುರ್ಚಿಯ ಹಿಂಗಾಲು, ಕೈ, ಬೆನ್ನಿನ ಪಟ್ಟಿ ಇವುಗಳ ಆಕಾರಕ್ಕೆ ಕತ್ತರಿಸಿಟ್ಟ ಫರ್ಮಾಗಳು ಅವು. ಹೊಸಬರು ಬಂದು ಗುಡಿಸುವಾಗ ಮೊದಲು ಒಲೆಗೆ ಹೋಗುವುದು ಇವೇ. ಕಾರ್ಖಾನೆಯ ಐವತ್ತು ವರ್ಷದ ಲೆಕ್ಕದ ಪುಸ್ತಕ ಸಿಗದಿದ್ದರೂ, ಆ ಫರ್ಮಾಗಳು ಸಿಕ್ಕರೆ ಅಲ್ಲಿ ಏನೇನು ತಯಾರಾಗುತ್ತಿತ್ತೆಂದು ಬಡಿಗನಾದವನು ಹೇಳಬಲ್ಲ. ಪ್ರತಿಯೊಂದನ್ನೂ ಕಾಗದದ ಮೇಲಿಟ್ಟು ಅಂಚನ್ನು ಗೆರೆ ಎಳೆದುಕೊಳ್ಳಿ, ಯಾವ ಗೋಡೆಯ ಯಾವ ಮೊಳೆಯಲ್ಲಿತ್ತೆಂದು ಬರೆದಿಡಿ.

ಒಣಗಿಸುವ ಪಡಸಾಲೆಯನ್ನು ನೀವು ಗುರುತಿಸಿದ್ದು ಒಳ್ಳೆಯದಾಯಿತು. ಹಸಿ ಹಲಗೆಗಳನ್ನು ನಡುನಡುವೆ ಪಟ್ಟಿ ಕೊಟ್ಟು ಅಟ್ಟಿ ಹಚ್ಚುತ್ತಿದ್ದರು, ಬಿಸಿಲು ಮಳೆ ನೇರವಾಗಿ ತಾಗದೆ ಗಾಳಿ ಮಾತ್ರ ಆಡಬೇಕು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ತಂದೆಯವರ ಲೆಕ್ಕ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ; ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಸರಿಯಾಗಿ ಒಣಗದ ಹಲಗೆಯಿಂದ ಮಾಡಿದ ಮೇಜು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಒಳ್ಳೆಯ ಕೆಲಸಗಾರರು ಮೇಜಿನ ಮೇಲ್ಹಲಗೆಯನ್ನು ಮೊಳೆಯಿಂದ ಬಿಗಿಯದೆ, ಕೊರೆದ ತೋಡಿನಲ್ಲಿ ಸರಿದಾಡಲು ಬಿಡುತ್ತಿದ್ದರು.

ದುರಸ್ತಿಯ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ. ಕುರ್ಚಿಯ ಕಾಲು ಬುಡದಲ್ಲಿ ಕೊಳೆತು ಬಂದರೆ ತಂದೆಯವರು ಕಾಲನ್ನೇ ಬದಲಾಯಿಸುತ್ತಿರಲಿಲ್ಲ. ಕೊಳೆತ ಭಾಗವನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಹಳೆಯ ಕಟ್ಟಿಗೆಯ ತುಂಡನ್ನು ಅದೇ ಓರೆಗೆ ಕೊಯ್ದು, ನಾರು ನಾರಿಗೆ ಹೊಂದುವಂತೆ ಕೂಡಿಸುತ್ತಿದ್ದರು. ಇಂಥವರು ಕಟ್ಟಿದ ಮನೆಯ ಕೈಂಚಿಯನ್ನೂ ಹಾಗೆಯೇ ಏಕೆ ಸರಿಪಡಿಸಬಾರದು?

ಕಟ್ಟಡದ ವಾರಸುದಾರರಲ್ಲಿ ಒಬ್ಬ

ಶಹಾಪುರದ ಹಿರಿಯರು ಹೇಳಿದ್ದರಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ನಮ್ಮ ಅಜ್ಜನ ಕಾರ್ಖಾನೆಯ ಬಗ್ಗೆ ನೀವೆಲ್ಲ ಇಷ್ಟು ಅಕ್ಕರೆಯಿಂದ ಬರೆದಿರುವುದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ನಮ್ಮ ಕಷ್ಟವನ್ನೂ ನೀವು ಕೇಳಬೇಕು.

ಕುಸಿದ ಮೂಲೆಯ ಕೆಳಗೆ ಅಂದು ಯಾರೂ ಇರಲಿಲ್ಲ ಎಂಬುದು ದೈವ. ಓಣಿಯ ಮಕ್ಕಳು ಗೋಡೆ ಹಾರಿ ಒಳಗೆ ಆಡಲು ಹೋಗುತ್ತಾರೆ. ಏನಾದರೂ ಆದರೆ ಉತ್ತರ ಕೊಡಬೇಕಾದವರು ನಾವು. ನಾವು ಕರೆಸಿದ ಗುತ್ತಿಗೆದಾರರು, ಕೈಂಚಿ ತೆಗೆದು ಕಬ್ಬಿಣದ ಚೌಕಟ್ಟು ಮತ್ತು ತಗಡು ಹಾಕಿ, ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯುತ್ತದೆ ಎಂದಿದ್ದಾರೆ. ಗಾರೆ ಕೆಲಸ ಬಲ್ಲ ಗೌಂಡಿ ಎಲ್ಲಿ ಸಿಗುತ್ತಾನೆ, ಅದಕ್ಕೆ ಎಷ್ಟು ತಿಂಗಳು ಬೇಕು ಎಂದು ಯಾರೂ ಹೇಳುತ್ತಿಲ್ಲ. ಇಷ್ಟು ಹಳೆಯ ಕಟ್ಟಿಗೆಯ ಮಾಳಿಗೆಗೆ ಬೆಂಕಿ ಬಿದ್ದರೆ ಏನು ಗತಿ ಎಂಬ ಚಿಂತೆಯೂ ಇದೆ. ಮನೆಯ ಕೆಲವರಿಗೆ ಇನ್ನೊಂದು ಭಯ: ನೂರು ವರ್ಷ ಹಳೆಯದೆಂದು ಸಿದ್ಧವಾದರೆ ಪುರಾತತ್ವ ಇಲಾಖೆ ವಶಪಡಿಸಿಕೊಳ್ಳುತ್ತದೆಯೇ?

ನಾವು ಐದು ಪಾಲುದಾರರು. ಕಟ್ಟಡದಿಂದ ಬಾಡಿಗೆಯ ರೂಪದಲ್ಲಿ ಸ್ವಲ್ಪವಾದರೂ ಬರಲೇಬೇಕು, ಇಲ್ಲದಿದ್ದರೆ ಉಳಿದವರನ್ನು ಒಪ್ಪಿಸುವುದು ನನ್ನಿಂದ ಆಗದು.

ಇತಿಹಾಸದ ಅಧ್ಯಾಪಕ, ತಿಲಕವಾಡಿ

ಅಣ್ಣಾವರೆ, ಕೊನೆಯ ಭಯಕ್ಕೆ ಮಾತ್ರ ನಾನು ಉತ್ತರಿಸಬಲ್ಲೆ. 1958ರ ಕೇಂದ್ರ ಕಾಯ್ದೆಯಲ್ಲಿ ನೂರು ವರ್ಷದ ಮಾತು ಇರುವುದು ನಿಜ. ಆದರೆ ನೂರು ವರ್ಷ ತುಂಬಿದ ಮಾತ್ರಕ್ಕೆ ಯಾವ ಕಟ್ಟಡವೂ ತಾನಾಗಿ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಅದಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕು. ನೀವು ವಿಚಾರಿಸಬೇಕಾದದ್ದು ಬೇರೆ: ಹತ್ತಿರದಲ್ಲಿ ಈಗಾಗಲೇ ಕೇಂದ್ರದ ಸಂರಕ್ಷಿತ ಸ್ಮಾರಕವೇನಾದರೂ ಇದ್ದರೆ, 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಓಣಿ ಹಾಗೆ ಬಾರದಿದ್ದರೆ ಆ ಚಿಂತೆ ಬಿಡಿ.

ಕಟ್ಟಡ ಸಂರಕ್ಷಣೆಯ ಎಂಜಿನಿಯರ್

ವಾರಸುದಾರರ ಪ್ರಶ್ನೆಗಳು ನ್ಯಾಯವಾದವು. ಒಂದೊಂದಾಗಿ ಬರೆಯುತ್ತೇನೆ.

ಮೊದಲು ಸೂರು. ಗೋಡೆಯ ಬಿರುಕು, ಉದುರಿದ ಗಿಲಾವು ಇವೆಲ್ಲ ಒಂದು ವರ್ಷ ಕಾಯುತ್ತವೆ. ಸೋರುವ ಸೂರು ಒಂದು ಮಳೆಗಾಲವೂ ಕಾಯುವುದಿಲ್ಲ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರಿಗೂ ಹೆಚ್ಚು, ಅಂದರೆ ವಿಜಯಪುರದ ಸುಮಾರು ಎರಡರಷ್ಟು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕೈಂಚಿ ಕೆಡುವುದು ಸಾಮಾನ್ಯವಾಗಿ ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಒಡೆದ ಹಂಚಿನಿಂದ ಇಳಿದ ನೀರು ಗೋಡೆಯ ತಲೆಯಲ್ಲಿ ನಿಂತು, ಗಾಳಿಯಾಡದ ಆ ಗೂಡಿನಲ್ಲಿ ಕಟ್ಟಿಗೆಯನ್ನು ಕೊಳೆಸುತ್ತದೆ. ಪ್ರತಿ ಕೈಂಚಿಯ ಎರಡೂ ತುದಿಗಳನ್ನು ಸುತ್ತಿಗೆಯಿಂದ ತಟ್ಟಿ ಕೇಳಿ. ಗಟ್ಟಿ ಕಟ್ಟಿಗೆ ಗಣಗಣ ಎನ್ನುತ್ತದೆ, ಕೊಳೆತದ್ದು ಮಂದವಾಗಿ ನುಡಿಯುತ್ತದೆ. ಚೂಪಾದ ಸ್ಕ್ರೂಡ್ರೈವರ್ ಒತ್ತಿದರೆ ಎಷ್ಟು ಆಳ ಇಳಿಯುತ್ತದೆಂದು ಬರೆದುಕೊಳ್ಳಿ. ಕೆಟ್ಟಿರುವುದು ಎರಡಡಿ ಮಾತ್ರವಾಗಿದ್ದರೆ ಬಡಿಗೇರ ಮನೆಯ ಅಕ್ಕಾವರು ಹೇಳಿದ ಓರೆ ಜೋಡಣೆಯೇ ಸರಿಯಾದ ಚಿಕಿತ್ಸೆ. ಇಲ್ಲಿ ಭಾರ ಹೆಚ್ಚಾದ್ದರಿಂದ ಬೋಲ್ಟುಗಳನ್ನೂ, ಬೇಕಾದರೆ ಎರಡು ಬದಿಗೆ ಉಕ್ಕಿನ ಪಟ್ಟಿಯನ್ನೂ ಕೊಡಬೇಕಾಗುತ್ತದೆ. ಇದನ್ನು ಲೆಕ್ಕ ಹಾಕಿಯೇ ಮಾಡಬೇಕು. ಜೋಡಿಸಿದ ತುದಿಯ ಸುತ್ತ ಗೋಡೆಯಲ್ಲಿ ಎರಡು ಬೆರಳು ಜಾಗ ಬಿಡಿ, ಗಾಳಿಯಾಡಲಿ.

ಹಂಚು ತೆಗೆದು ತಗಡು ಹಾಕುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಕೂರುತ್ತವೆ. ಒಂದೊಂದೂ ಎರಡರಿಂದ ಮೂರು ಕಿಲೋ ತೂಗುತ್ತದೆ. ಆ ಭಾರ ಸೂರನ್ನು ಗಾಳಿಗೆ ಏಳದಂತೆ ಹಿಡಿದಿರುತ್ತದೆ. ಹಗುರವಾದ ತಗಡು ಹಾಕಿದರೆ ಸೂರನ್ನು ಕೆಳಕ್ಕೆ ಬಿಗಿದು ಕಟ್ಟುವ ಹೊಸ ವ್ಯವಸ್ಥೆ ಬೇಕು, ಮೇಲಾಗಿ ಬೇಸಿಗೆಯ ಮಧ್ಯಾಹ್ನ ಮಾಳಿಗೆಯಲ್ಲಿ ಕುಳಿತು ಕೆಲಸ ಮಾಡಲಾಗದು. ಹಂಚುಗಳನ್ನು ಸಾಲಿನ ಪ್ರಕಾರ ಇಳಿಸಿ, ತೊಳೆದು, ತಟ್ಟಿ ನೋಡಿ, ಗಟ್ಟಿ ಇರುವವನ್ನೇ ಮತ್ತೆ ಹೊದಿಸಿರಿ. ಕಡಿಮೆ ಬಿದ್ದಷ್ಟನ್ನು ಹಳೆಯ ಮನೆ ಕೆಡವುವವರಿಂದ ಕೊಳ್ಳಬಹುದು. ಹಳೆಯ ಹಂಚುಗಳ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಹಾಗಾಗಿ ಒಂದು ಮಾದರಿ ಕೈಯಲ್ಲಿಟ್ಟುಕೊಂಡೇ ಹೋಗಬೇಕು.

ಇನ್ನು ಸಿಮೆಂಟು. ನಮ್ಮ ದೇಶದಲ್ಲಿ ಸಿಮೆಂಟು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 1914ರಲ್ಲಿ, ಪೋರಬಂದರಿನಲ್ಲಿ. ಅದಕ್ಕೆ ಮುಂಚೆ ನಮ್ಮ ಗೋಡೆಗಳನ್ನು ಹಿಡಿದದ್ದು ಸುಣ್ಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ನೀರು ಕೊಟ್ಟು ಅರಳಿಸಿ, ಮರಳು ಬೆರೆಸಿ ಕಟ್ಟಿದ ಮೇಲೆ ಅದು ಅದೇ ಅನಿಲವನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಈ ಗಾರೆ ಜಂಬಿಟ್ಟಿಗೆಗಿಂತ ಮೆದು. ಗೋಡೆಗೆ ಸೇರಿದ ತೇವ ಗಾರೆಯ ಸಂದುಗಳಿಂದ ಹೊರಗೆ ಆರಿಹೋಗುತ್ತದೆ, ಗೋಡೆ ಸ್ವಲ್ಪ ಅಲುಗಿದರೆ ಬಿರುಕು ಸಂದಿನಲ್ಲಿ ಬರುತ್ತದೆ, ಕಲ್ಲಿನಲ್ಲಿ ಬರುವುದಿಲ್ಲ. ಸಿಮೆಂಟು ಅದಕ್ಕಿಂತ ಗಟ್ಟಿ ಮತ್ತು ತೇವವನ್ನು ಸುಲಭವಾಗಿ ಬಿಡದ ವಸ್ತು. ಹೊರಗೆ ಸಿಮೆಂಟು ಬಳಿದರೆ ಒಳಗಿನ ತೇವ ಕಲ್ಲಿನ ಮೂಲಕವೇ ದಾರಿ ಹುಡುಕಬೇಕು. ಆಗ ಲವಣಗಳು ಕಲ್ಲಿನ ಮೈಯೊಳಗೆ ಹರಳುಗಟ್ಟಿ ಅದನ್ನು ಪದರು ಪದರಾಗಿ ಉದುರಿಸುತ್ತವೆ. ಐದಾರು ವರ್ಷ ಗೋಡೆ ಹೊಸದರಂತೆ ಕಂಡು, ಆಮೇಲೆ ಗಿಲಾವು ಕಲ್ಲಿನ ಚಕ್ಕೆಯನ್ನೂ ಹಿಡಿದುಕೊಂಡು ಬೀಳುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಸಂದು ತುಂಬಲು ಒಂದು ಪಾಲು ಅರಳಿದ ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು ಎಂಬ ಹದದಿಂದ ಆರಂಭಿಸಿ, ಗೋಡೆಯ ಮರೆಯ ಭಾಗದಲ್ಲಿ ಮೊದಲು ಒಂದು ಗಜ ಮಾಡಿ ನೋಡಿರಿ. ಹಳೆಯ ಗಾರೆಯ ತುಂಡನ್ನು ಪರೀಕ್ಷೆಗೆ ಕೊಟ್ಟರೆ ಅದರ ಹದವೇ ತಿಳಿಯುತ್ತದೆ. ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವ ರೂಢಿ ನಿಜ, ಆದರೆ ಅಳತೆ ತಪ್ಪಿದರೆ ಕೆಡುತ್ತದೆ; ಬಲ್ಲವರು ಜೊತೆಗಿಲ್ಲದೆ ಮಾಡಬೇಡಿ. ಗಾರೆ ಹಚ್ಚಿದ ಮೇಲೆ ಗೋಣಿತಾಟು ಹಾಸಿ ಎರಡು ಮೂರು ವಾರ ತಂಪಾಗಿಡಬೇಕು. ಹಾಗಾಗಿ ಸೂರಿನ ಕೆಲಸ ಮಳೆಗೆ ಮುಂಚೆ, ಗೋಡೆಯ ಕೆಲಸ ದಸರೆಯ ನಂತರ. ಗೌಂಡಿಗಳ ಬಗ್ಗೆ ಹೇಳುವುದಾದರೆ, ಗಾರೆ ಬಾರದ ಒಳ್ಳೆಯ ಗೌಂಡಿಗೆ ಬಲ್ಲವನೊಬ್ಬ ಜೊತೆಗಿದ್ದರೆ ಹದಿನೈದು ದಿನದಲ್ಲಿ ಕೈ ಕೂಡುತ್ತದೆ.

ಬೆಂಕಿಯ ಭಯದ ಬಗ್ಗೆ: ತೆಳು ಹಲಗೆ ಬೇಗ ಉರಿಯುತ್ತದೆ, ಆದರೆ ದಪ್ಪ ತೊಲೆ ಹಾಗಲ್ಲ. ಅದರ ಮೈ ಇದ್ದಿಲಾಗುತ್ತ ಹೋಗುವುದು ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಆ ಇದ್ದಿಲೇ ಒಳಗಿನ ಕಟ್ಟಿಗೆಯನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಹೊದಿಕೆಯಿಲ್ಲದ ಉಕ್ಕಿನ ತೊಲೆ ಸುಮಾರು 550 ಡಿಗ್ರಿಯಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡು ಬಾಗುತ್ತದೆ. ನಿಮ್ಮಲ್ಲಿ ನಿಜವಾದ ಅಪಾಯವಿರುವುದು ಹಳೆಯ ವೈರಿಂಗ್‌ನಲ್ಲಿ ಮತ್ತು ಮೂಲೆಗಳಲ್ಲಿ ಕೂತಿರುವ ಹೊಟ್ಟಿನಲ್ಲಿ. ಎರಡನ್ನೂ ಈ ವಾರವೇ ತೆಗೆಸಿ. ಓಣಿಯ ಮಕ್ಕಳು ಹೋಗದಂತೆ ಹಿಂಬದಿಗೆ ಬೇಲಿಯನ್ನೂ ಹಾಕಿಸಿ.

ನಿವೃತ್ತ ಅರಣ್ಯ ಸಿಬ್ಬಂದಿ, ಖಾನಾಪುರ

ಕಟ್ಟಿಗೆಯ ಬಗ್ಗೆ ಎರಡು ಮಾತು. ಸಾಗವಾನಿಯ ಕೆಚ್ಚಿನಲ್ಲಿ, ಅಂದರೆ ಒಳಗಿನ ಗಟ್ಟಿ ಕಟ್ಟಿಗೆಯಲ್ಲಿ, ಒರಲೆಗೆ (ಗೆದ್ದಲಿಗೆ) ಸೇರದ ರಾಸಾಯನಿಕಗಳು ಸಹಜವಾಗಿಯೇ ಇರುತ್ತವೆ. ಹೊರಸುತ್ತಿನ ಬಿಳಿಯ ಭಾಗದಲ್ಲಿ ಆ ರಕ್ಷಣೆ ಇಲ್ಲ. ಅಜ್ಜಂದಿರು ಕೈಂಚಿಗೆ ಕೆಚ್ಚನ್ನೇ ಆರಿಸಿದ್ದಾರೆ, ಆದ್ದರಿಂದಲೇ ಇಷ್ಟು ವರ್ಷ ನಿಂತಿದೆ. ಈಗ ಪೇಟೆಯಲ್ಲಿ ಸಿಗುವ ಎಳೆಯ ಸಾಗವಾನಿಯಲ್ಲಿ ಬಿಳಿಯ ಭಾಗವೇ ಹೆಚ್ಚು. ಅಂಥದ್ದನ್ನು ತಂದು ಹಳೆಯ ಕೈಂಚಿಗೆ ಕೂಡಿಸಿದರೆ ಒರಲೆಯನ್ನು ಕರೆದು ಕೂರಿಸಿದಂತೆ. ಕೆಡವಿದ ಮನೆಗಳ ಹಳೆಯ ತೊಲೆಗಳನ್ನು ಕೊಳ್ಳಿ, ಅವು ಪೂರ್ತಿ ಒಣಗಿಯೂ ಇರುತ್ತವೆ. ರಸೀದಿಯನ್ನು ತಪ್ಪದೆ ಇಟ್ಟುಕೊಳ್ಳಿ, ಸಾಗವಾನಿ ಮತ್ತು ಬೀಟೆಯ ಸಾಗಾಟಕ್ಕೆ ಕಾಗದ ಕೇಳುತ್ತಾರೆ. ಹಳೆಯ ದಾಸ್ತಾನಿನಲ್ಲಿ ಬೀಟೆಯ ಹಲಗೆಗಳೇನಾದರೂ ಉಳಿದಿದ್ದರೆ ಅವನ್ನು ಮಾರುವ ಅವಸರ ಬೇಡ. 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿದೆ. ಒರಲೆ ಹತ್ತಿದ ಕಡೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಿಸಿ. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಸೂರು ಸೋರದಂತೆ ಮಾಡಿದ ಮೇಲೆಯೇ ಹಚ್ಚಬೇಕು.

ಮಿಶಿಗನ್‌ನಲ್ಲಿರುವ ಬೆಳಗಾವಿಯವಳು

ನಾನಿರುವ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರಕ್ಕೆ ಫರ್ನಿಚರ್ ನಗರವೆಂದೇ ಹೆಸರು. ಕಾಡಿನ ದಿಮ್ಮಿಗಳನ್ನು ಗ್ರ್ಯಾಂಡ್ ನದಿಯಲ್ಲಿ ತೇಲಿಬಿಟ್ಟು ಊರಿಗೆ ತರುತ್ತಿದ್ದರು. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಅಲ್ಲಿಯ ಫರ್ನಿಚರ್ ಮೆಚ್ಚುಗೆ ಪಡೆದ ನಂತರ ದೇಶಕ್ಕೆಲ್ಲ ಹೆಸರಾಯಿತು. 1911ರಲ್ಲಿ ಸಾವಿರಾರು ಕೆಲಸಗಾರರು ಕೂಲಿ ಮತ್ತು ಕೆಲಸದ ಅವಧಿಗಾಗಿ ಸುಮಾರು ನಾಲ್ಕು ತಿಂಗಳು ಮುಷ್ಕರ ಹೂಡಿದರು. ಬರ್ಕಿ ಆ್ಯಂಡ್ ಗೇ ಎಂಬ ಹೆಸರಾಂತ ಕಂಪನಿಯ ಇಟ್ಟಿಗೆಯ ದೊಡ್ಡ ಕಾರ್ಖಾನೆಯಲ್ಲಿ ಈಗ ಜನ ವಾಸಿಸುತ್ತಿದ್ದಾರೆ. ಅಲ್ಲಿ ಇದು ಕೈಗೂಡಲು ಒಂದು ಕಾರಣ ಹಣಕಾಸಿನದು: ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇಕಡಾ 20ರಷ್ಟನ್ನು ಕೇಂದ್ರದ ತೆರಿಗೆಯಲ್ಲಿ ಬಿಡುತ್ತಾರೆ.

ಆದರೂ ಅಲ್ಲಿಯ ದಾರಿ ನಮಗೆ ಪೂರ್ತಿ ಹೊಂದದು ಎನಿಸುತ್ತದೆ. ಅವು ಹಲವು ಅಂತಸ್ತುಗಳ, ನೂರಾರು ಮನೆಗಳು ಹಿಡಿಸುವ ಕಟ್ಟಡಗಳು. ನಮ್ಮದು ಓಣಿಯೊಳಗಿನ ಎರಡಂತಸ್ತಿನ ಕಟ್ಟಡ. ಇದನ್ನು ವಸತಿಗೆಂದು ಹೋಳು ಮಾಡಿದರೆ, ಹಿರಿಯರು ನಡೆದು ತೋರಿಸಿದ ಆ ದಾರಿಗೆ ಹತ್ತು ಕಡೆ ಅಡ್ಡಗೋಡೆ ಬರುತ್ತದೆ. ಕಟ್ಟಿಗೆ ಕೆಲಸದವರಿಗೇ ಬಾಡಿಗೆಗೆ ಕೊಡಲು ಸಾಧ್ಯವಿಲ್ಲವೇ?

ಶಹಾಪುರ ನಿವಾಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ಎಂಜಿನಿಯರರು ಹೇಳಿದಂತೆ ವಾರಸುದಾರರೂ ನಾನೂ ಹನ್ನೊಂದು ಕೈಂಚಿಗಳ ಇಪ್ಪತ್ತೆರಡು ತುದಿಗಳನ್ನು ತಟ್ಟಿ ನೋಡಿದೆವು. ಆರು ತುದಿಗಳು ಕೆಟ್ಟಿವೆ, ಆರೂ ಹಿಂಬದಿಯ ಗೋಡೆಯವು. ಆ ಕಡೆ ಮಳೆನೀರು ಹರಿದುಹೋಗುವ ತಗಡಿನ ದೋಣಿ ಕಿತ್ತುಹೋಗಿ ನೀರೆಲ್ಲ ಗೋಡೆಯ ತಲೆಗೆ ಬೀಳುತ್ತಿತ್ತು. ಮುಂಬದಿಯ ಕೈಂಚಿ ತುದಿಗಳಲ್ಲಿ ಬಡಿಗರ ಪೆನ್ಸಿಲ್ ಗುರುತುಗಳು ಕೂಡ ಅಳಿಸಿಲ್ಲ. ಇಡೀ ಸೂರು ಹೋಯಿತೆಂದುಕೊಂಡಿದ್ದೆವು; ಹೋಗಿರುವುದು ಒಂದು ದೋಣಿ ಮತ್ತು ಅದರ ಕೆಳಗಿನ ಆರು ತುದಿಗಳು.

ಪಾಲಿಶಿನ ಕೋಣೆಯ ಬೆಳಕಿನ ಬಗ್ಗೆ ಒಂದು ಮಾತು ಸೇರಿಸಬೇಕು. ಉತ್ತರದ ಕಿಟಕಿಯಿಂದ ನೇರ ಬಿಸಿಲು ಬಾರದೆ ವರ್ಷವಿಡೀ ಒಂದೇ ತೆರನಾದ ಬೆಳಕು ಬರುತ್ತದೆಂದು ನಾನು ಭಾವಿಸಿದ್ದೆ. ಆದರೆ ಬೆಳಗಾವಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಕಟ್ಟಿದವರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ಉತ್ತರದ ಕಿಟಕಿಗಳ ಮೇಲೆ ಮಾತ್ರ ಸೂರನ್ನು ಒಂದೂವರೆ ಅಡಿ ಹೆಚ್ಚು ಮುಂದಕ್ಕೆ ಚಾಚಿದ್ದಾರೆ. ನೆತ್ತಿಯ ಹತ್ತಿರದ ಸೂರ್ಯನನ್ನು ತಡೆಯಲು ಅಷ್ಟು ಸಾಕು, ಜೂನ್ ಬಂದರೆ ಮೋಡವೇ ಕವಿಯುತ್ತದೆ. ಗುತ್ತಿಗೆದಾರರ ನಕ್ಷೆಯಲ್ಲಿ ಎಲ್ಲ ಕಡೆಯ ಸೂರನ್ನೂ ಸಮನಾಗಿ ಕತ್ತರಿಸಲಾಗಿತ್ತು. ಅದನ್ನು ಕೈಬಿಡುವಂತೆ ಮಾಡಿದ್ದೇವೆ.

ಪಟ್ಟಾದ ದಂಡದ ಎರಡು ಬ್ರ್ಯಾಕೆಟ್ಟುಗಳು ಒಡೆದಿವೆ. ನಮ್ಮ ಊರೇ ಎರಕದ ಕೆಲಸಕ್ಕೆ ಹೆಸರಾದದ್ದು. ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ, ಗಟ್ಟಿ ಇರುವ ಒಂದನ್ನು ಕೊಟ್ಟರೆ ಅದರಿಂದಲೇ ಅಚ್ಚು ತೆಗೆದು ಎರಕ ಹೊಯ್ದುಕೊಡುವುದಾಗಿ ಹೇಳಿದರು.

ಕಟ್ಟಡದ ವಾರಸುದಾರರಲ್ಲಿ ಒಬ್ಬ

ನಿನ್ನೆ ಐವರೂ ಕೂಡಿ ಮಾತನಾಡಿದೆವು. ಕೆಡವುವ ವಿಚಾರವನ್ನು ಎರಡು ವರ್ಷ ಮುಂದೂಡಲು ಎಲ್ಲರೂ ಒಪ್ಪಿದ್ದಾರೆ. ಇದಕ್ಕಿಂತ ದೊಡ್ಡ ಮಾತನ್ನು ನಾನು ಈಗ ಕೊಡಲಾರೆ. ಈ ಬೇಸಿಗೆಯಲ್ಲಿ ಹಿಂಬದಿಯ ಆರು ತುದಿ, ಹೊಸ ದೋಣಿ, ಹಂಚು ಇಳಿಸಿ ಮತ್ತೆ ಹೊದಿಸುವ ಕೆಲಸ, ಹಳೆಯ ವೈರಿಂಗ್ ತೆಗೆಸುವುದು, ಇಷ್ಟಕ್ಕೆ ಹಣ ಹೊಂದಿಸಿದ್ದೇವೆ. ಕೆಳಗಿನ ಅಂತಸ್ತನ್ನು ಜಾಗವಿಲ್ಲದೆ ರಸ್ತೆ ಬದಿಯಲ್ಲಿ ಕೆಲಸ ಮಾಡುತ್ತಿರುವ ಮೂವರು ಬಡಿಗರಿಗೆ ಬಾಡಿಗೆಗೆ ಕೊಡುವ ಮಾತು ನಡೆದಿದೆ. ಅವರು ತಮ್ಮ ಸಣ್ಣ ವಿದ್ಯುತ್ ಯಂತ್ರಗಳನ್ನೇ ತರುತ್ತಾರೆ; ಹಳೆಯ ದಂಡವನ್ನು ತಿರುಗಿಸುವುದಿಲ್ಲ, ತೆಗೆಯುವುದೂ ಇಲ್ಲ.

ಬಡಿಗೇರ ಮನೆಯ ಅಕ್ಕಾವರೆ, ನೀವು ಹೇಳಿದ ಫರ್ಮಾಗಳು ಸಿಕ್ಕಿವೆ. ಮಾಳಿಗೆಯ ಕಿಂಡಿಯ ಪಕ್ಕದ ಗೋಡೆಗೆ ನಲವತ್ತಕ್ಕೂ ಹೆಚ್ಚು ಇವೆ. ಕೆಲವದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಅಂಕಿಗಳಿವೆ, ಅವು ಏನೆಂದು ನಮಗೆ ತಿಳಿಯುತ್ತಿಲ್ಲ. ನಿಮ್ಮ ತಂದೆಯವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾದರೆ ನಾವೇ ಒಂದೊಂದಾಗಿ ಕೆಳಗೆ ತಂದು ತೋರಿಸುತ್ತೇವೆ. ಬರುವ ರವಿವಾರ ಅವರನ್ನು ಕರೆದುಕೊಂಡು ಬರುತ್ತೀರಾ?

ಬಡಿಗೇರ ಮನೆಯ ಮಗಳು

ಬರುತ್ತೇವೆ, ಅಣ್ಣಾವರೆ. ಅಂಕಿಗಳನ್ನು ಒರೆಸದಂತೆ ಹುಡುಗರಿಗೆ ಹೇಳಿರಿ. ತಂದೆಯವರಿಗೆ ಹೇಳಿದೆ, ಬೆನ್ನಿನ ಪಟ್ಟಿಯ ಫರ್ಮಾದಲ್ಲಿ ಎಷ್ಟು ಬಾಗಿದೆ ಎಂದು ಒಂದೇ ಪ್ರಶ್ನೆ ಕೇಳಿ, ಪೆಟ್ಟಿಗೆಯಿಂದ ತಮ್ಮ ಕಟ್ಟಿಗೆಯ ಮೂಲೆಮಟ್ಟ ತೆಗೆದು ಒರೆಸಿ ಇಟ್ಟುಕೊಂಡಿದ್ದಾರೆ.